ಬಳೆ ತೆಗೆದಿಟ್ಟು ಕೂರುವ ಗಾಲಿ

ಹುಣಸೆಹಣ್ಣಿನ ಹುಳಿ ಹಿತ್ತಾಳೆಯ ಕಪ್ಪಿನೊಡನೆ ಕೂಡಿ ಒಮ್ಮೆ ಬೆರಳಿನ ಗೆರೆಗಳಿಗೆ ಇಳಿಯಿತೆಂದರೆ ಅದು ಸಾಬೂನಿಗೂ ಜಗ್ಗುವುದಿಲ್ಲ, ಸೀಗೆಕಾಯಿಗೂ ಜಗ್ಗುವುದಿಲ್ಲ. ಮನೆಗೆ ಬಂದ ಹೊಸಬರು ನನ್ನ ಅಂಗೈ ನೋಡಿ, ಪಾಪ, ಮುದುಕಿಗೆ ಏನೋ ಚರ್ಮದ ಕಾಯಿಲೆ ಇರಬೇಕೆಂದು ಕನಿಕರ ಪಡುತ್ತಾರೆ. ಅದು ಕಾಯಿಲೆಯಲ್ಲ, ನನ್ನ ಕಸುಬು ಎಂದು ನಾನು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ. ನೀವೂ ಕನಿಕರ ಪಟ್ಟಿರೆಂದು ಇಟ್ಟುಕೊಂಡು ಈ ಮಾತು ಶುರುಮಾಡಿದ್ದೇನೆ, ಏಕೆಂದರೆ ಕನಿಕರಕ್ಕಿಂತ ದೊಡ್ಡದೊಂದು ನನ್ನಲ್ಲಿದೆ. ಅದನ್ನು ಇಷ್ಟು ವರ್ಷ ಯಾರಿಗೂ ತೋರಿಸಿಲ್ಲ.

ಜಮಖಂಡಿ ಇನ್ನೂ ಸಂಸ್ಥಾನವಾಗಿದ್ದ ಕಾಲ ಅದು. ಮುಧೋಳದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿ, ಬಸದಿಯಿಂದ ತಂದ ಪುಸ್ತಕಗಳನ್ನು ಕದ್ದು ಓದುತ್ತಿದ್ದ ನನ್ನನ್ನು ಜಮಖಂಡಿಯ ಬೋಗಾರ ಓಣಿಯ ಒಂದು ಮನೆಗೆ ಹಿರೇಸೊಸೆಯಾಗಿ ತಂದರು. ಓಣಿಯ ಮುಂಭಾಗದಲ್ಲಿ ಗಂಡಸರು ಹಿತ್ತಾಳೆ ತಾಮ್ರದ ತಗಡನ್ನು ಬಡಿದು ಕೊಡ, ಹಂಡೆ, ತಂಬಿಗೆ ಮಾಡುತ್ತಿದ್ದರು. ಹಿಂಭಾಗದ ಪಡಸಾಲೆಯಲ್ಲಿ ಹೆಂಗಸರು ಅವಕ್ಕೆ ಒಪ್ಪ ಹಾಕುತ್ತಿದ್ದರು. ಮೊದಲು ಹುಣಸೆಹಣ್ಣು, ಆಮೇಲೆ ಜರಡಿ ಹಿಡಿದ ಇಟ್ಟಿಗೆಪುಡಿ, ಆಮೇಲೆ ಬೂದಿ, ಕೊನೆಗೆ ಹಳೆಯ ಪಂಚೆಯ ಮೆತ್ತನೆಯ ತುಂಡು. ಒಂದು ಕೊಡಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ನಾನು ತಿಕ್ಕಿದ ಕೊಡವನ್ನು ಪೇಟೆಯ ಅಂಗಡಿಯಲ್ಲಿ ಇಪ್ಪತ್ತು ಕೊಡಗಳ ನಡುವೆ ಇಟ್ಟರೂ ಗಿರಾಕಿಗಳು ಬೆರಳು ಮಾಡಿ, ಇದು ಬೋಗಾರರ ಹಿರೇಸೊಸಿ ಕೈಯಾಗಿಂದು, ಎಂದು ಗುರುತಿಸುತ್ತಿದ್ದರು. ಹೆಣ್ಣಿಗೆ ಹೆಸರೇ ಇಲ್ಲದ ಓಣಿಯಲ್ಲಿ ನನ್ನ ಕೈಗೆ ಒಂದು ಹೆಸರಿತ್ತು, ಅದು ಸಣ್ಣ ಸುಖವಲ್ಲ.

ಹತ್ತು ವರ್ಷದ ಮೇಲೆ ಮೈದುನ ಪಾಯಪ್ಪನ ಮದುವೆಯಾಗಿ ತೇರದಾಳದಿಂದ ಚಂಪಾ ಬಂದಳು. ನಗುವುದು ಜಾಸ್ತಿ, ಮಾತು ಕಡಿಮೆ, ರೊಟ್ಟಿ ಬಡಿದರೆ ಹಾಳೆಯಷ್ಟು ತೆಳು. ಅಷ್ಟಕ್ಕೇ ನನ್ನ ಹೊಟ್ಟೆಯಲ್ಲಿ ಸಣ್ಣಗೆ ಉರಿ ಎದ್ದಿತ್ತೆಂದು ಮುಚ್ಚಿಡದೆ ಹೇಳುತ್ತೇನೆ. ಆದರೆ ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಇವತ್ತಲ್ಲ ನಾಳೆ ಇವಳೂ ಹುಣಸೆಹಣ್ಣು ನೆನೆಸಿದ ಅಗಲ ಪರಾತದ ಮುಂದೆ ಬಂದು ಕೂರಲೇಬೇಕು, ಆಗ ನಾನು ಕಲಿಸುವವಳು, ಇವಳು ಕಲಿಯುವವಳು, ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೆ. ಅವಳು ಪರಾತದ ಮುಂದೆ ಬರುವುದರೊಳಗೆ ಮನೆಗೆ ಗಾಲಿ ಬಂತು.

ಪಾಯಪ್ಪ ಕೊಲ್ಲಾಪುರದ ಪಾತ್ರೆ ಕಾರಖಾನೆಯೊಂದರಲ್ಲಿ ಎರಡು ವರ್ಷ ದುಡಿದು, ಅಲ್ಲಿ ಒಪ್ಪ ಹಾಕುವ ಯಂತ್ರ ನೋಡಿ, ಅಂಥದೇ ಒಂದನ್ನು ಕೊಂಡು, ಕುಡಚಿ ನಿಲ್ದಾಣದವರೆಗೆ ರೈಲಿನಲ್ಲಿಯೂ ಅಲ್ಲಿಂದ ಚಕ್ಕಡಿಯಲ್ಲಿಯೂ ತಂದಿದ್ದ. ನೋಡಿದರೆ ಏನೂ ಇಲ್ಲ: ಎರಡು ಕಬ್ಬಿಣದ ಕಾಲು, ಅವುಗಳ ಮೇಲೆ ಒಂದು ಉಕ್ಕಿನ ಅಚ್ಚು, ಅಚ್ಚಿನ ನಡುವೆ ಪಟ್ಟೆ ಸುತ್ತಲು ಎರಡು ಸಣ್ಣ ರಾಟೆ, ತುದಿಯಲ್ಲಿ ಬಟ್ಟೆಯ ಗಾಲಿ. ಹೌದು, ಬಟ್ಟೆಯದೇ. ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಉಳಿದ ನೂಲಿನ ಬಟ್ಟೆಯನ್ನು ತಂದು, ಗುಂಡಗೆ ಕತ್ತರಿಸಿ, ಮೂವತ್ತು ನಲವತ್ತು ಪದರ ಒಂದರ ಮೇಲೊಂದಿಟ್ಟು, ಸುತ್ತುಸುತ್ತಾಗಿ ದಾರ ಹೊಡೆದು ಅವನೇ ಹೊಲಿದಿದ್ದ. ಈ ಕೌದಿಯ ತುಂಡು ಹಿತ್ತಾಳೆಗೆ ಏನು ಮಾಡೀತು ಎಂದು ನಾನು ಸೆರಗಿನ ಮರೆಯಲ್ಲಿ ನಕ್ಕೆ.

ಅದನ್ನು ಕೂರಿಸಲು ಅವನು ಪಟ್ಟ ಪಾಡನ್ನು ನಾನು ಅಡಿಗೆಮನೆಯ ಕಿಂಡಿಯಿಂದ ಒಂದು ಕ್ಷಣವೂ ಬಿಡದೆ ನೋಡಿದ್ದೇನೆ. ಪಡಸಾಲೆಯ ಮೂಲೆಯಲ್ಲಿ ಕಲ್ಲಿನ ದಿಮ್ಮಿಯೊಂದನ್ನು ಅರ್ಧ ಹೂಳಿ, ಅದರ ಮೇಲೆ ಸಾಗವಾನಿಯ ದಪ್ಪ ಹಲಗೆ ಬಿಗಿದು, ಹಲಗೆಯ ಮೇಲೆ ಯಂತ್ರವನ್ನು ನಾಲ್ಕು ಬೋಲ್ಟು ಹಾಕಿ ಕೂರಿಸಿದ. ಪಕ್ಕದ ಮನೆಯದು ಹಿಟ್ಟಿನ ಗಿರಣಿ. ಅಲ್ಲಿ ಎಣ್ಣೆಯ ಇಂಜಿನ್ನು ಡಬ್ ಡಬ್ ಎಂದು ತಿರುಗುತ್ತಿತ್ತು. ಅವರನ್ನು ಕೇಳಿಕೊಂಡು, ನಡುಗೋಡೆಗೆ ಕಿಂಡಿ ಕೊರೆದು, ಇಂಜಿನ್ನಿನ ದಂಡದಿಂದ ಒಂದು ತೊಗಲಿನ ಪಟ್ಟೆಯನ್ನು ನಮ್ಮ ಕಡೆಗೆ ಎಳೆದ. ಪಟ್ಟೆ ಯಾರ ಸೀರೆಗೂ ತಾಗದಂತೆ ಅದರ ಸುತ್ತ ಬಿದಿರಿನ ತಟ್ಟಿ ಕಟ್ಟಿದ. ರಾಟೆ ಎರಡರಲ್ಲಿ ಒಂದು ಗಾಲಿಯನ್ನು ತಿರುಗಿಸುವುದು, ಇನ್ನೊಂದು ಸುಮ್ಮನೆ ಖಾಲಿ ತಿರುಗುವುದು. ಕೂತವರ ಎಡಗೈಗೆ ಸಿಗುವಂತೆ ಒಂದು ಮರದ ಹಿಡಿ ಇಟ್ಟಿದ್ದ. ಅದನ್ನು ದೂಡಿದರೆ ಪಟ್ಟೆ ಖಾಲಿ ರಾಟೆಗೆ ಜರುಗಿ ಗಾಲಿ ನಿಲ್ಲುತ್ತಿತ್ತು. ಇಷ್ಟೂ ಆದ ಮೇಲೆ ತುಂಬಿದ ತಂಬಿಗೆಯೊಂದನ್ನು ಹಲಗೆಯ ಮೇಲಿಟ್ಟು ಗಾಲಿ ಬಿಟ್ಟ. ನೀರು ತುಳುಕಿತು. ನಿಲ್ಲಿಸಿ, ಬೋಲ್ಟು ಬಿಗಿದು, ಕಲ್ಲಿನ ಬುಡಕ್ಕೆ ಮತ್ತೆ ಗಾರೆ ಹಾಕಿ, ಎರಡು ದಿನ ಒಣಗಲು ಬಿಟ್ಟು, ಮತ್ತೆ ನೀರಿಟ್ಟ. ತಂಬಿಗೆಯ ನೀರು ಅಲುಗದ ತನಕ ಒಂದು ಪಾತ್ರೆಯನ್ನೂ ಅದರ ಹತ್ತಿರ ತರಲಿಲ್ಲ.

ಆಗ ನನ್ನ ಮನಸ್ಸಿನಲ್ಲಿ ಏನಿತ್ತು ಗೊತ್ತೇ? ಇದೆಲ್ಲ ನನಗಾಗಿಯೇ ನಡೆಯುತ್ತಿದೆ ಎಂದು ನಂಬಿದ್ದೆ. ಮನೆಯಲ್ಲಿ ಒಪ್ಪದ ಕೈ ಎಂದರೆ ನನ್ನದು. ಗಾಲಿ ಸಜ್ಜಾದ ದಿನ ಪಾಯಪ್ಪ ಅಡಿಗೆಮನೆಯ ಬಾಗಿಲಿಗೆ ಬಂದು, ವೈನಿ, ಬರ್ರಿ, ಎನ್ನುತ್ತಾನೆ, ನಾನು ನಾಲ್ಕು ಸಲ ಬೇಡವೆಂದು ಐದನೆಯ ಸಲ ಎದ್ದು ಹೋಗಬೇಕು ಎಂದೆಲ್ಲ ಲೆಕ್ಕ ಹಾಕಿಟ್ಟಿದ್ದೆ. ಅವನು ಬಾಗಿಲಿಗೆ ಬಂದದ್ದು ನಿಜ. ಬಂದು, ನನ್ನ ಮುಖ ನೋಡದೆ, ನೆಲ ನೋಡುತ್ತ, ಒಲೆಯ ಮುಂದಿದ್ದ ಹೆಂಡತಿಗೆ ಹೇಳಿದ:

"ಚಂಪಾ, ಕೈ ತೊಳಕೊಂಡು ಬಾ. ಗಾಲಿ ಮುಂದ ನೀ ಕುಂದರಬೇಕು."

ಅವಳು ಎದ್ದು ಹೋದಳು. ಒಲೆಯ ಮೇಲಿದ್ದ ಅವಳ ರೊಟ್ಟಿಯನ್ನು ನಾನು ಬೇಕೆಂದೇ ಸೀಯಲು ಬಿಟ್ಟೆ.

ಹೊಟ್ಟೆಕಿಚ್ಚಿನ ಬಗ್ಗೆ ದೊಡ್ಡವರು ಬಹಳ ಕೆಟ್ಟ ಮಾತು ಆಡಿದ್ದಾರೆ, ಆಡಲಿ. ಆದರೆ ಅದಕ್ಕಿರುವ ಒಂದು ಗುಣವನ್ನು ಯಾರೂ ಹೇಳಿದ್ದು ಕೇಳಿಲ್ಲ. ಪ್ರೀತಿಸುವವರು ನಮ್ಮನ್ನು ಅರ್ಧ ಕಣ್ಣಿನಿಂದ ನೋಡುತ್ತಾರೆ, ಉಳಿದರ್ಧವನ್ನು ನಂಬಿಕೆಗೆ ಬಿಟ್ಟುಬಿಡುತ್ತಾರೆ. ಮತ್ಸರಿಸುವವರು ಮಾತ್ರ ಎರಡೂ ಕಣ್ಣು ತೆರೆದು, ರೆಪ್ಪೆ ಬಡಿಯದೆ, ನಾವು ಎಲ್ಲಿ ತಪ್ಪುತ್ತೇವೆಂದು ಕಾಯುತ್ತಾರೆ. ಪಾಯಪ್ಪ ಹೆಂಡತಿಗೆ ಕಲಿಸಿದ ಪಾಠವನ್ನು ಅವಳಿಗಿಂತ ಮೊದಲು, ಅವಳಿಗಿಂತ ಚೆನ್ನಾಗಿ, ಕಿಂಡಿಯ ಈಚೆಗೆ ನಿಂತು ನಾನು ಕಲಿತೆ.

"ನೋಡ, ಗಾಲಿ ನಿನ್ನ ಕಡಿ ತಿರಗತೈತಿ, ಮ್ಯಾಲಿಂದ ಕೆಳಗ ಇಳೀತೈತಿ," ಎನ್ನುತ್ತಿದ್ದ ಅವನು. "ಪಾತ್ರಿ ಹಿಡಿಯೂದು ಯಾವಾಗ್ಲೂ ಗಾಲಿ ನಡುವಿಗಿಂತ ಕೆಳಗ. ಕಸಗೊಂಡ್ರ ನೆಲಕ್ಕ ಕಸಗೊಳ್ಳಲಿ, ಮಾರಿಗೆ ಬರೂದು ಬ್ಯಾಡ. ಕಂಠದ ಅಂಚು ಗಾಲಿಗೆ ಎದುರು ಕೊಡಬ್ಯಾಡ. ನಡುವಿನಿಂದ ಹಚ್ಚಿ ಅಂಚಿನ ಕಡಿ ಜಾರಿಸಿ ಬಿಡು. ಒತ್ತಬ್ಯಾಡ. ಕೆಲಸ ಗಾಲಿ ಮಾಡತೈತಿ, ನೀ ಬರೇ ಹಿಡಕೊಂಡಿರು."

ಗಾಲಿಯ ಕೆಳಗೆ ಗೋಣಿಚೀಲ ಹಾಸಿದ ಒಂದು ಕುಣಿಯಿತ್ತು, ಕೈತಪ್ಪಿದ ಪಾತ್ರೆ ನೆಗ್ಗದಿರಲೆಂದು. ಬೆಳಿಗ್ಗೆ ಗಾಲಿ ಬಿಡುವ ಮೊದಲು ತುದಿಯ ತಿರುಪನ್ನು ಬಿಗಿದು ನೋಡಬೇಕು. ಬಿಟ್ಟ ಮೇಲೆ ಎದುರಿಗೆ ನಿಲ್ಲದೆ ಪಕ್ಕಕ್ಕೆ ಸರಿದು, ಒಂಬತ್ತು ಸಲ ಣಮೋಕಾರ ಮಂತ್ರ ಹೇಳುವಷ್ಟು ಹೊತ್ತು ಅದನ್ನು ಖಾಲಿ ತಿರುಗಲು ಬಿಡಬೇಕು. ಬಿಚ್ಚುವ ಪದರ ಇದ್ದರೆ ಆಗಲೇ ಬಿಚ್ಚುತ್ತದೆ, ಮುರಿಯುವುದಿದ್ದರೆ ಆಗಲೇ ಮುರಿಯುತ್ತದೆ. ಸಾಬೂನಿನಂಥ ಕಂದು ಬಣ್ಣದ ಒಪ್ಪದ ಗಟ್ಟಿಯನ್ನು ತಿರುಗುವ ಗಾಲಿಗೆ ಮುಟ್ಟಿಸಿದರೆ ಸಾಕು, ಮೆತ್ತಬಾರದು. ಪಾತ್ರೆ ಕಾದು ಕೈ ಸುಟ್ಟರೂ ಬಟ್ಟೆ ಸುತ್ತಿ ಹಿಡಿಯುವಂತಿಲ್ಲ. ಬದಿಗಿಟ್ಟು, ಆರಲು ಬಿಟ್ಟು, ಬರಿಗೈಯಲ್ಲೇ ಹಿಡಿಯಬೇಕು. ಮೂಗಿಗೆ ವಸ್ತ್ರ ಕಟ್ಟಿ, ತಲೆಗೂದಲನ್ನು ಗಂಟು ಹಾಕಿ ರುಮಾಲಿನೊಳಗೆ ಸೇರಿಸಿ, ಸೆರಗನ್ನು ಸೊಂಟಕ್ಕೆ ಬಿಗಿದು, ಕಣ್ಣಿಗೆ ಕೊಲ್ಲಾಪುರದಿಂದ ತಂದ ಬಿಳಿಗಾಜಿನ ಕನ್ನಡಕ ಹಾಕಿಕೊಂಡು ಚಂಪಾ ಕೂತಳೆಂದರೆ ಥೇಟು ಕಚೇರಿಯ ಕಾರಕೂನನಂತೆ ಕಾಣುತ್ತಿದ್ದಳು. ನಗು ಬರುತ್ತಿತ್ತು ನನಗೆ. ಆ ಕನ್ನಡಕವನ್ನು ಯಾರೂ ಇಲ್ಲದಾಗ ಒಮ್ಮೆ ಹಾಕಿಕೊಂಡು ನೋಡಿದ್ದೂ ಉಂಟು.

ಇನ್ನೊಂದು ನಿಯಮ ಉಳಿಯಿತು, ಅದೇ ಈ ಕಥೆಯ ಕೀಲು. ಅದನ್ನು ಪಾಯಪ್ಪ ಮೊದಲ ದಿನ ತಗ್ಗಿದ ದನಿಯಲ್ಲಿ ಹೇಳಿದ್ದ:

"ಬಳಿ, ಉಂಗರಾ ಎಲ್ಲಾ ತೆಗದಿಟ್ಟು ಕುಂದರಬೇಕು. ತಾಳಿ ಕುಪ್ಪಸದಾಗ ಸೇರಸು. ಗಾಲಿಗೆ ಕಣ್ಣಿಲ್ಲ. ಬಳಿ ಯಾವುದು, ಕೈ ಯಾವುದು ಅದಕ್ಕ ತಿಳಿಯೂದಿಲ್ಲ."

ಅಂದಿನಿಂದ ಅವಳು ಹೊಸ ಬಳೆ ಇಡಿಸಿಕೊಳ್ಳುವಾಗ ಬಳೆಗಾರನಿಗೆ ಒಂದು ಅಳತೆ ದೊಡ್ಡದು ಕೇಳುತ್ತಿದ್ದಳು. ಬೆಳಿಗ್ಗೆ ದೇವರ ಮುಂದೆ ಕುಂಕುಮದ ಬಟ್ಟಲಲ್ಲಿ ಬಳೆ ತೆಗೆದಿಟ್ಟು ಕೈಮುಗಿದು ಪಡಸಾಲೆಗೆ ಹೋಗುವುದು, ಗಿರಣಿ ನಿಂತ ಮೇಲೆ ಕೈಕಾಲು ತೊಳೆದು ಮತ್ತೆ ಹಾಕಿಕೊಳ್ಳುವುದು. ಅತ್ತೆಗೆ ಕಣ್ಣು ಮಂಜಾಗಿತ್ತು, ಪಡಸಾಲೆಯ ಧೂಳಿಗೆ ಆಕೆ ಆ ಕಡೆ ಹೋಗುತ್ತಿರಲಿಲ್ಲ. ಮನೆಯಲ್ಲಿ ಇದು ಗೊತ್ತಿದ್ದದ್ದು ಆ ಗಂಡ ಹೆಂಡತಿಗೆ ಮತ್ತು ಕಿಂಡಿಗೆ.

ತಿಂಗಳೊಪ್ಪತ್ತಿನಲ್ಲಿ ಚಂಪಾನ ಕೊಡಗಳು ಪೇಟೆಗೆ ಹೋದವು. ನಾನು ಅರ್ಧ ದಿನ ತಿಕ್ಕುವ ಕೊಡವನ್ನು ಅವಳು ನಾನು ಎರಡು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮುಗಿಸುತ್ತಿದ್ದಳು. ನನ್ನ ಒಪ್ಪ ಬೆಳದಿಂಗಳಿನ ಹಾಗೆ ಮೆತ್ತಗಿತ್ತು, ಅವಳದು ಕನ್ನಡಿ. ಗಿರಾಕಿಗಳು ಕನ್ನಡಿಯನ್ನೇ ಕೇಳಿದರು. ಒಂದು ದಿನ ನಮ್ಮವರು, ನನ್ನನ್ನು ಕಟ್ಟಿಕೊಂಡ ನನ್ನ ಸ್ವಂತ ಗಂಡ, ಅವಳು ಮುಗಿಸಿಟ್ಟ ಹಂಡೆಯನ್ನು ಬೆಳಕಿಗೆ ತಿರುಗಿಸುತ್ತ, "ಆಹಾ, ಇದಕ್ಕ ಅಂತಾರ ಒಪ್ಪ," ಎಂದರು. ಅವರು ಹೋದ ಮೇಲೆ ನಾನೂ ಹೋಗಿ ಆ ಹಂಡೆಯನ್ನು ನೋಡಿದೆ. ಅದರಲ್ಲಿ ನನ್ನ ಮುಖ ಕಂಡಿತು, ಹುಬ್ಬು ಗಂಟು ಹಾಕಿಕೊಂಡು, ತುಟಿ ಬಿಗಿದುಕೊಂಡು. ಹತ್ತು ವರ್ಷಕ್ಕೂ ಮಿಕ್ಕಿ ಪಾತ್ರೆ ತಿಕ್ಕಿದರೂ ನಾನು ತಿಕ್ಕಿದ ಯಾವ ಪಾತ್ರೆಯೂ ನನ್ನನ್ನು ನನಗೆ ಅಷ್ಟು ಸ್ಪಷ್ಟವಾಗಿ ತೋರಿಸಿರಲಿಲ್ಲ. ನನಗೆ ಅಳು ಬಂತು, ಆಮೇಲೆ ಸಿಟ್ಟು ಬಂತು.

ಆ ವಾರವೇ ಒಂದು ಮಧ್ಯಾಹ್ನ ಅತ್ತೆಯೂ ನಾನೂ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿದ್ದೆವು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು ತೆಗೆಯುವುದು ನನಗೆ ಗೊತ್ತಿತ್ತು.

"ಏನಿಲ್ಲರೀ ಅತ್ತಿ, ಚಂಪಾನ ಬಳಿ ಭಾಳ ಸಡ್ಲ ಅದಾವು. ದಿನಾ ತೆಗದು ತೆಗದು ಇಡತಾಳಲ್ಲ, ಎಲ್ಲ್ಯರೆ ಬಿದ್ದು ಒಡದಾವು ಅಂತ ನನಗ ಅಂಜಿಕಿ."

ಅತ್ತೆಯ ಕೈ ಮೊರದಲ್ಲೇ ನಿಂತಿತು. "ತೆಗದು ಇಡತಾಳ? ಯಾಕ?"

"ಗಾಲಿ ಮುಂದ ಬರಿಗೈಲೇ ಕುಂದರಬೇಕಂತರಿ. ಮೈದುನರ ಹೇಳ್ಯಾರಂತ."

ಅಷ್ಟೇ ನಾನು ಹೇಳಿದ್ದು. ಸುಳ್ಳು ಒಂದಕ್ಷರ ಇರಲಿಲ್ಲ, ಉಪ್ಪು ಖಾರವನ್ನೂ ಹಚ್ಚಲಿಲ್ಲ. ಇಪ್ಪತ್ತು ವರ್ಷದಿಂದ ಬರಿಗೈಯಲ್ಲಿದ್ದ ಅತ್ತೆ ತನ್ನ ಎರಡೂ ಕೈಗಳನ್ನು ಮೊರದಿಂದ ಮೇಲೆತ್ತಿ ಆ ಮಂಜುಗಣ್ಣಿನ ಮುಂದೆ ಹಿಡಿದು ನೋಡಿಕೊಂಡಳು. ಆಮೇಲೆ ಚಂಪಾನ ಹೆಸರು ಹಿಡಿದು ಮನೆಯೆಲ್ಲ ಕೇಳುವಂತೆ ಕೂಗಿದಳು:

"ಗಂಡ ಕಣ್ಣ ಮುಂದ ಇರಬೇಕಾದ್ರ ಬರಿಗೈ? ಬರಿಗೈ ಅಂದ್ರ ಏನಂತ ನನಗ ಗೊತ್ತೈತಿ! ನನ್ನ ಮಗನ ಆಯುಷ್ಯಕ್ಕ ಕುತ್ತು ತಂದ್ಯಾ ಬೇ?"

ಅದು ಸಿಟ್ಟಲ್ಲ, ಭಯವೆಂದು ನನಗೆ ಆಗಲೂ ತಿಳಿದಿತ್ತು. ಮರುದಿನವೇ ಬಳೆಗಾರನನ್ನು ಕರೆಸಿ, ತಾನೇ ಎದುರು ಕೂತು, ಚಂಪಾನ ಎರಡೂ ಕೈಗೆ ಡಜನ್ ಡಜನ್ ಹಸಿರು ಬಳೆ ಇಡಿಸಿದಳು. ಒಡೆಯದ ಹೊರತು ಕೈಯಿಂದ ಇಳಿಯದಂಥ ಬಿಗಿ ಅಳತೆಯವು. ಪಾಯಪ್ಪ ಕೋಪ ನುಂಗಿ ಒಂದೇ ಮಾತು ಹೇಳಿದ: "ಹಂಗಾದ್ರ ಗಾಲಿ ಬಂದ್. ಈ ಬಳಿ ಇರೂತನಾ ಆಕಿ ಕುಂದರೂದು ಬ್ಯಾಡ." ಪಟ್ಟೆಯನ್ನು ಖಾಲಿ ರಾಟೆಗೆ ಜರುಗಿಸಿ, ಗಾಲಿಯ ಮೇಲೆ ಗೋಣಿಚೀಲ ಹೊದಿಸಿದ. ನಾನು ಹುಣಸೆಹಣ್ಣು ನೆನೆಹಾಕಿದೆ. ಆ ಎಂಟು ದಿನ ನಾನು ಹಾಡು ಹೇಳಿಕೊಂಡು ಪಾತ್ರೆ ತಿಕ್ಕಿದೆನೆಂದರೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ ಎಂದುಕೊಳ್ಳಿ.

ಎಂಟನೆಯ ದಿನ ತೇರದಾಳದಿಂದ ಹೇಳಿಕೆ ಬಂತು. ಬಸದಿಯ ಅಭಿಷೇಕಕ್ಕೆ ನಮ್ಮ ಮನೆಯಲ್ಲಿ ಮಾಡಿಸಿದ್ದ ಇಪ್ಪತ್ತೊಂದು ಕಲಶಗಳು ಮೂರು ದಿನದಲ್ಲಿ ಬೇಕು. ಚಂಪಾನ ತವರೂರು ಅದು. ನಮ್ಮ ಹೆಣ್ಣುಮಗಳ ಕೈಯ ಒಪ್ಪ ನೋಡಬೇಕೆಂದು ಅವಳ ಅಪ್ಪನೇ ಮುಂದೆ ನಿಂತು ಕೊಡಿಸಿದ ಕೆಲಸ. ನಾನು ರಾತ್ರಿ ಹಗಲು ತಿಕ್ಕಿದರೂ ಆರೇಳು ಆದಾವು. ಪಾಯಪ್ಪ ಹೊಸ ಬಟ್ಟೆ ತರಲು ಬನಹಟ್ಟಿಗೆ ಹೋಗಿದ್ದ. ಚಂಪಾ ಬಳೆ ಒಡೆಯುವಂತಿರಲಿಲ್ಲ, ತವರಿನ ಮಾತು ಬಿಡುವಂತೆಯೂ ಇರಲಿಲ್ಲ. ಹಳೆಯ ಸೀರೆಯನ್ನು ಉದ್ದುದ್ದ ಹರಿದು, ಎರಡೂ ಕೈಯ ಬಳೆಗಳ ಮೇಲೆ ಮೊಣಕೈವರೆಗೆ ಬಿಗಿಯಾಗಿ ಸುತ್ತಿಕೊಂಡು, ಗೋಣಿಚೀಲ ಸರಿಸಿ, ಗಾಲಿಯ ಮುಂದೆ ಕೂತಳು. ಬಳೆಯನ್ನು ಗಾಲಿಗೆ ತೋರಿಸಬಾರದೆಂಬುದು ಅವಳ ನೆನಪಿನಲ್ಲಿತ್ತು. ಬಟ್ಟೆಯನ್ನೂ ತೋರಿಸಬಾರದೆಂಬುದು ಆ ಅವಸರದಲ್ಲಿ ಮರೆತುಹೋಗಿತ್ತು.

ನಾಲ್ಕು ಕಲಶ ಚೆನ್ನಾಗಿಯೇ ಮುಗಿದವು. ಐದನೆಯದನ್ನು ಹಿಡಿದಾಗ ನಾನು ಪಡಸಾಲೆಯ ಬಾಗಿಲಲ್ಲಿ ನಿಂತಿದ್ದೆ. ಅವಳ ಬಲಗೈಯ ಸುತ್ತಿನ ತುದಿ ಬಿಚ್ಚಿಕೊಂಡು ನಾಲ್ಕು ಬೆರಳಿನಷ್ಟು ಜೋತುಬಿದ್ದಿತ್ತು. ನಾನು ನೋಡಿದೆ. ಕೂಗಲು ಬಾಯಿ ತೆರೆದೆ. ಬಾಯಿ ತೆರೆಯಲು ನನಗೆ ಎಷ್ಟು ಹೊತ್ತು ಬೇಕಾಯಿತೆಂಬುದನ್ನು ನಾನು ಇಂದಿಗೂ ಲೆಕ್ಕ ಹಾಕಿಲ್ಲ, ಹಾಕುವ ಧೈರ್ಯವಿಲ್ಲ. ಅಷ್ಟರಲ್ಲಿ ಗಾಲಿ ಆ ತುದಿಯನ್ನು ಹಿಡಿದು ಎಳೆಯಿತು, ಬಟ್ಟೆಯ ಹಿಂದೆ ಕೈ ಹೋಯಿತು, ಕಲಶ ಕುಣಿಗೆ ಬಿತ್ತು. ನಾನು ಓಡಿ ಹೋಗಿ ಮರದ ಹಿಡಿಯನ್ನು ದೂಡಿದೆ. ಅದು ಎಲ್ಲಿದೆ, ಯಾವ ಕಡೆಗೆ ದೂಡಬೇಕೆಂದು ಮನೆಯಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತಿತ್ತು ಹೇಳಿ?

ಗಾಲಿ ಬಟ್ಟೆಯದು, ಅದು ಕೊಯ್ಯಲಿಲ್ಲ. ಕೊಯ್ದದ್ದು ಬಳೆ. ಹನ್ನೆರಡು ಬಳೆಗಳೂ ಮಣಿಕಟ್ಟಿನಲ್ಲಿ ಪುಡಿಯಾಗಿ ಒಳಗೆ ಇಳಿದಿದ್ದವು. ಅತ್ತೆ ತಡವರಿಸಿಕೊಂಡು ಬಂದು, ಮಂಜುಗಣ್ಣಿನಲ್ಲಿ ಕಾಣದೆ ಬೆರಳಿನಿಂದಲೇ ಹುಡುಕಿ ಹುಡುಕಿ, ರಕ್ತದಿಂದ ಹಸಿರು ಚೂರುಗಳನ್ನು ತೆಗೆದಳು. ದವಾಖಾನೆಯಲ್ಲಿ ಹೊಲಿಗೆ ಹಾಕಿದರು. ಗಾಯ ಮಾಯಿತು, ಆದರೆ ಕಿರುಬೆರಳೂ ಉಂಗುರದ ಬೆರಳೂ ಮಡಚಿದ್ದು ಮಡಚಿಯೇ ಉಳಿದವು. ಆ ಕೈ ಮುಂದೆ ರೊಟ್ಟಿ ತಟ್ಟಲಿಲ್ಲ, ಕೊಡ ಹಿಡಿಯಲಿಲ್ಲ. ಯಾರಿಗೆ ಯಾರು ಹೇಳಿದರು, ಈ ಮಾತು ಅತ್ತೆಯ ಕಿವಿಗೆ ಹೇಗೆ ಬಂತು ಎಂದು ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗದಿದ್ದರೂ ನಾನು ಮಾತ್ರ ದಿನಕ್ಕೆ ನಾಲ್ಕು ಸಲ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಪಾಯಪ್ಪ ಗಾಲಿಯನ್ನು ಮಾರಿಬಿಡುತ್ತೇನೆಂದ. ನಾನು ಬಯಸಿದ್ದು ಅದೇ ಅಲ್ಲವೇ? ಬಯಸಿದ್ದು ಬಾಗಿಲಿಗೆ ಬಂದಾಗ ಅದರ ಮುಖ ಹೀಗಿರುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ. ಊರಿಂದೂರಿಗೆ ಒಪ್ಪದ ಗಾಲಿಗಳು ಬರತೊಡಗಿದ್ದವು. ನನ್ನ ಹುಣಸೆಹಣ್ಣಿನ ಕೊಡಗಳು ಅಂಗಡಿಯ ಹಿಂದಿನ ಸಾಲಿನಲ್ಲಿ ಮಂಕಾಗುತ್ತಿದ್ದವು. ಇದೂ ಹೋದರೆ ಮನೆಯ ಕಸುಬೇ ಹೋಗುವುದರಲ್ಲಿತ್ತು. ಗಾಲಿ ಕೊಳ್ಳುವವರು ನೋಡಲು ಬರುತ್ತೇವೆಂದ ದಿನದ ಬೆಳಿಗ್ಗೆ ಚಂಪಾ ಅಡಿಗೆಮನೆಗೆ ಬಂದಳು.

"ಅಕ್ಕಾರ, ನೀವು ಕುಂದರ್ರಿ. ನಾ ಬಾಜೂಕ ನಿಂತು ಹೇಳತೇನಿ."

ನನ್ನ ನಾಲಿಗೆಯನ್ನು ನೋಡಿ. ಅಂಥ ಹೊತ್ತಿನಲ್ಲೂ ಅದರ ಮೇಲೆ ಬಂದದ್ದು ಆ ಹಳೆಯ ಉರಿಯೇ. "ಈಗ ನನ್ನ ನೆನಪಾತೇನ? ಗಾಲಿ ಬಂದ ದಿನ ಯಾರೂ ಕೇಳಲಿಲ್ಲ."

ಅವಳು ನನ್ನನ್ನೇ ನೋಡಿದಳು. "ಅವತ್ತ ಮೊದಲ ಬಂದದ್ದು ನಿಮ್ಮ ಹೆಸರರೀ. 'ಒಪ್ಪದ ಕೈ ಅಂದ್ರ ವೈನೀದು. ಆದ್ರ ಅಣ್ಣ ಇರಬೇಕಾದ್ರ ವೈನಿಗೆ ಬಳಿ ತೆಗೀರಿ ಅಂತ ನಾ ಯಾವ ಬಾಯಿಲೇ ಹೇಳಲಿ' ಅಂತ ಇವರು ರಾತ್ರಿಯೆಲ್ಲಾ ಒದ್ದಾಡಿದ್ರು. ಹಂಗಾದ್ರ ನನಗ ಹೇಳ್ರಿ, ನಾ ತೆಗೀತೇನಿ, ಅಂತ ನಾನ ಅಂದೆ."

ನಾನು ಕೂತಲ್ಲಿಯೇ ಇದ್ದೆ. ಒಲೆಯ ಮೇಲೆ ಹಾಲು ಉಕ್ಕಿತು, ಇಳಿಸಲಿಲ್ಲ. ನನಗೆ ಕೊಡಲಿಲ್ಲವೆಂದು ನಾನು ಉರಿದದ್ದು ಒಂದು ಗೌರವಕ್ಕಾಗಿ. ನನ್ನನ್ನು ಕರೆಯದೆ ಇದ್ದದ್ದೇ ಆ ಗೌರವವಾಗಿತ್ತು. ನನ್ನನ್ನು ಮುಟ್ಟಬಾರದ ಅಪಶಕುನವನ್ನು ನನಗಿಂತ ಹತ್ತು ವರ್ಷ ಚಿಕ್ಕವಳಾದ ಹುಡುಗಿ ತನ್ನ ಕೈಗೆ ತೆಗೆದುಕೊಂಡಿದ್ದಳು, ನಾನು ಅದನ್ನು ಕಿತ್ತುಕೊಂಡ ಪಟ್ಟವೆಂದು ತಿಳಿದಿದ್ದೆ.

ಎದ್ದೆ. ಕೈಗೆ ಸಾಬೂನು ಹಚ್ಚಿ, ನಡುಮನೆಯಲ್ಲಿ, ಅತ್ತೆಯ ಎದುರಿಗೇ, ಒಂದೊಂದಾಗಿ ಬಳೆ ತೆಗೆದೆ. ಗಾಜು ಗಾಜಿಗೆ ತಾಗುವ ಸಪ್ಪಳಕ್ಕೆ ಅತ್ತೆ ಮುಖ ಎತ್ತಿದಳು. ಬೈಯುತ್ತಾಳೆಂದುಕೊಂಡೆ. ಆಕೆ 'ಅರಿಹಂತಾ' ಎಂದು ನಿಟ್ಟುಸಿರಿಟ್ಟು, ತಡಕಾಡಿ ಕುಂಕುಮದ ಬಟ್ಟಲನ್ನು ಎತ್ತಿ ನನ್ನ ಕಡೆ ಚಾಚಿದಳು. "ಇದರಾಗ ಇಡು," ಎಂದಳು. "ಕೆಳಗ ಇಡಬ್ಯಾಡ."

ಪಡಸಾಲೆಯಲ್ಲಿ ಚಂಪಾ ಎಡಗೈಯಿಂದಲೇ ನನ್ನ ಸೆರಗು ಬಿಗಿದಳು, ಕೂದಲನ್ನು ರುಮಾಲಿಗೆ ಸೇರಿಸಿದಳು, ಆ ಬಿಳಿಗಾಜಿನ ಕನ್ನಡಕವನ್ನು ನನ್ನ ಮೂಗಿನ ಮೇಲಿಟ್ಟಳು. ತಿರುಪು ಬಿಗಿದು ನೋಡಿದಳು. ಗಾಲಿ ಬಿಟ್ಟು, ನನ್ನನ್ನು ಪಕ್ಕಕ್ಕೆ ಎಳೆದುಕೊಂಡು ಒಂಬತ್ತು ಸಲ ಣಮೋಕಾರ ಹೇಳಿದಳು, ನಾನೂ ಹೇಳಿದೆ. ಆಮೇಲೆ ಕೂತೆ. ಕೊಡ ಕೈಗೆ ಬಂತು, ಗಾಲಿಗೆ ಮುಟ್ಟಿತು, ಅರ್ಧ ದಿನದ ನನ್ನ ಬೆವರು ಒಂದು ಉಸಿರಿನಲ್ಲಿ ಹೊಳೆಯತೊಡಗಿತು. ಕನ್ನಡಕದೊಳಗೆ ಕಣ್ಣು ತುಂಬಿ ಬಂತು. ಇನ್ನು ಹೇಳದೆ ಇರಲಾರೆ ಅನ್ನಿಸಿತು.

"ಚಂಪಾ, ಅವತ್ತ ಅತ್ತೀರ ಮುಂದ..."

"ಗಾಲಿ ಮುಂದ ಮಾತು ಬ್ಯಾಡ್ರಿ ಅಕ್ಕಾರ," ಎಂದಳು ಅವಳು, ಕಣ್ಣು ಕೊಡದ ಮೇಲಿಂದ ತೆಗೆಯದೆ. "ನನಗ ಗೊತ್ತೈತಿ. ನೀವು ಜ್ವಾಳಾ ಹಸನ ಮಾಡೂ ಮುಂದ ನಾ ಅಡಗಿಮನ್ಯಾಗ ಇದ್ದೆ. ಕೊಡಾ ಇನ್ನೊಂಚೂರು ಕೆಳಗ ಹಿಡೀರಿ."

ಕೆಳಗೆ ಹಿಡಿದೆ. ಗಾಲಿಯನ್ನು ಮಾರಲಿಲ್ಲ. ಸಂಸ್ಥಾನ ಹೋಗಿ ಸ್ವರಾಜ್ಯ ಬಂದ ಮೇಲೂ ಬಹಳ ವರ್ಷ ನಾನು ಅದರ ಮುಂದೆ ಕೂತೆ. ಪೇಟೆಯಲ್ಲಿ ಮತ್ತೆ ನನ್ನ ಕೈಗೆ ಹೆಸರು ಬಂತು. ಓಣಿಯ ಹೆಣ್ಣುಮಕ್ಕಳಿಗೆಲ್ಲ ನಾನೇ ಕಲಿಸಿದೆ, ಬಳೆ ತೆಗೆದಿಡುವ ಬಟ್ಟಲನ್ನು ಮೊದಲು ತೋರಿಸಿ ಆಮೇಲೆ ಗಾಲಿ ತೋರಿಸುತ್ತಿದ್ದೆ. ನಿಮ್ಮ ಊರಿನಲ್ಲಿ ಈಗ ಕರೆಂಟಿನ ಮೇಲೆ ತಿರುಗುವ ಗಾಲಿಗಳಿರಬಹುದು; ಅವಕ್ಕೂ ಕಣ್ಣಿರಲಾರದು.

ಚಂಪಾ ಆ ಮಾತನ್ನು ಮತ್ತೆ ಎಂದೂ ಎತ್ತಲಿಲ್ಲ. ಗಂಡನಿಗೆ ಹೇಳಲಿಲ್ಲ, ಅತ್ತೆಗೆ ಹೇಳಲಿಲ್ಲ. ನನ್ನ ಮೇಲೆ ಮುನಿದ ದಿನಗಳಲ್ಲಿ, ಅಂಥ ದಿನಗಳೂ ಇದ್ದವು, ಬಾಯಿ ತುದಿಗೂ ತರಲಿಲ್ಲ. ಎರಡು ಬೆರಳು ಮಡಚಿದ ಆ ಕೈಯಿಂದಲೇ ನನ್ನ ಬಾಣಂತನ ಮಾಡಿದಳು. ಒಂದು ಮಾತನ್ನು ನಾನು ಒಂದು ಮಧ್ಯಾಹ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಹೋದೆ. ಅವಳು ಮೂವತ್ತು ವರ್ಷ ಇಟ್ಟುಕೊಂಡಳು, ಇಟ್ಟುಕೊಂಡೇ ಹೋದಳು. ಅವಳ ಗಾಲಿ ನನ್ನದಾಯಿತು, ಅವಳ ಕನ್ನಡಕ ನನ್ನದಾಯಿತು, ಅವಳ ಹೆಸರು ನನ್ನದಾಯಿತು. ಆ ಹೊಟ್ಟೆಯೊಂದು ನನಗೆ ಬರಲಿಲ್ಲ, ಅದಕ್ಕಾಗಿ ಅವಳ ಮೇಲೆ ಈಗಲೂ ಉರಿಯುತ್ತೇನೆ.